ಕಾಲೇಜು ಕುಸ್ತಿ ಕೋಚ್ ಕೆಲಸ ಅಳೆಯುವುದು ಹೇಗೆ? ಪದಕ ಬಿಟ್ಟು ಏನು ನೋಡಬೇಕು? (ಹಾಸನ)

ಹೇಮೆದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಓದಿದವನು ನಾನು. ಈಗ ಅದೇ ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ಹಳೇ ವಿದ್ಯಾರ್ಥಿಗಳ ಕಡೆಯಿಂದ ಇದ್ದೇನೆ. ಕಾಲೇಜಿನ ಹೆಸರು, ಕೋಚ್ ಹೆಸರು ಎರಡೂ ಹೇಳುವುದಿಲ್ಲ. ದಯವಿಟ್ಟು ಯಾರೂ ಊಹೆ ಮಾಡಿ ಬರೆಯಬೇಡಿ.

ವಿಷಯ ಇಷ್ಟು. ನಮ್ಮ ಕುಸ್ತಿ ಕೋಚ್ ಗುತ್ತಿಗೆಯವರು. ಪ್ರತಿ ವರ್ಷ ನವೀಕರಣ ಆಗಬೇಕು. ಬಂದು ಮೂರು ವರ್ಷ ಆಯಿತು. ಈ ಸಲ ಅವರನ್ನು ಮುಂದುವರಿಸಬೇಕಾ ಬೇಡವಾ ಅಂತ ಸಮಿತಿ ಬರೆದುಕೊಡಬೇಕು. ಸಮಿತಿಯಲ್ಲಿ ಲಂಗೋಟಿ ಕಟ್ಟಿದವನು ನಾನೊಬ್ಬನೇ, ಅದೂ ಎರಡೇ ವರ್ಷ. ಹಾಗಾಗಿ ವರದಿ ಬರೆಯುವ ಕೆಲಸ ನನಗೆ ಬಂದಿದೆ.

ಕೊಟ್ಟಿರುವ ಫಾರಂ ಒಂದೇ ಹಾಳೆ. ಚಿನ್ನ, ಬೆಳ್ಳಿ, ಕಂಚು ಅಂತ ಮೂರು ಕಾಲಂ. ಅಷ್ಟೇ. ಇವರ ಮೂರು ವರ್ಷದ ಲೆಕ್ಕ ತುಂಬಿದರೆ ಒಂದು ಬೆಳ್ಳಿ, ಎರಡು ಕಂಚು. ಮೂರೂ ಅಂತರ ಕಾಲೇಜು ಮಟ್ಟದವು. ಇವರಿಗಿಂತ ಮುಂಚೆ ಇದ್ದವರ ಕಾಲದಲ್ಲಿ ಎರಡೇ ವರ್ಷಕ್ಕೆ ನಾಲ್ಕು ಚಿನ್ನ. ಈ ಹಾಳೆ ಒಂದನ್ನೇ ನೋಡಿದವರು "ಬೇರೆಯವರನ್ನು ನೋಡಿ" ಅನ್ನುತ್ತಾರೆ. ಸಮಿತಿಯಲ್ಲಿ ಇಬ್ಬರು ಆಗಲೇ ಅಂದೂ ಆಯಿತು.

ಆದರೆ ಕಳೆದ ಸೋಮವಾರ ಬೆಳಿಗ್ಗೆ ಐದೂವರೆಗೆ ಯಾರಿಗೂ ಹೇಳದೆ ಹೋಗಿ ನೋಡಿದೆ. ಮಂಜು ಸುರಿಯುತ್ತಿತ್ತು. ಕೋಚ್ ಒಬ್ಬರೇ ಮಂಡಿಯೂರಿ ಮ್ಯಾಟ್ ಒರೆಸುತ್ತಿದ್ದರು. ಬಕೆಟ್, ಬ್ಲೀಚಿಂಗ್ ನೀರು, ಹಳೇ ಪಂಚೆ ಬಟ್ಟೆ. ಮೂಲೆಯಿಂದ ಶುರು ಮಾಡಿ ಒಂದು ಗೇಣೂ ಬಿಡದೆ ಒರೆಸಿದರು. ಆಮೇಲೆ ಹುಡುಗರು ಬಂದರು. ಎಣಿಸಿದೆ, 19 ಜನ. ಅದರಲ್ಲಿ 5 ಹುಡುಗಿಯರು. ನಮ್ಮ ಕಾಲದಲ್ಲಿ ಏಳು ಜನ ಸೇರಿದರೆ ಹಬ್ಬ. ಒಳಗೆ ಕಾಲಿಡುವ ಮುಂಚೆ ಪ್ರತಿಯೊಬ್ಬರ ಕುತ್ತಿಗೆ, ತೋಳು, ಮಂಡಿ ಹಿಂಭಾಗ ನೋಡಿದರು. ಒಬ್ಬನ ಮೊಣಕೈ ಹತ್ತಿರ ಹುಳುಕಡ್ಡಿ ಶುರುವಾಗಿತ್ತು. ಅವನನ್ನು ಮ್ಯಾಟ್‌ಗೆ ಬಿಡಲಿಲ್ಲ, ಹೊರಗೆ ಹಗ್ಗ ಹತ್ತೋಕೆ ಕಳಿಸಿದರು.

ಇದನ್ನೆಲ್ಲ ಯಾವ ಕಾಲಂನಲ್ಲಿ ಬರೆಯಲಿ? ಕುಸ್ತಿ ಬಲ್ಲವರು, ಮೇಷ್ಟ್ರುಗಳು, ತಂದೆ ತಾಯಂದಿರು ಹೇಳಿ. 10 ದಿನ ಟೈಮ್ ಇದೆ.

ಮುರುಕಿವಿ

ಮೊದಲು ಒಂದು ಕೇಳ್ತೀನಿ. ಆ ನಾಲ್ಕು ಚಿನ್ನ ತಂದ ಹುಡುಗರು ಯಾರು? ನಿಮ್ಮ ಕಾಲೇಜಿಗೆ ಬಂದ ಮೇಲೆ ಕುಸ್ತಿ ಕಲಿತವರಾ, ಇಲ್ಲ ಬರುವಾಗಲೇ ತಯಾರಾಗಿ ಬಂದವರಾ? ಇದು ಗೊತ್ತಾಗದೆ ಒಂದು ಅಕ್ಷರವನ್ನೂ ಬರೆಯಬೇಡಿ.

ಅರಸೀಕೆರೆ ತೆಂಗು

ಪದಕ ಇಲ್ಲ ಅಂದ್ರೆ ಇಲ್ಲ. ಬೆಳಿಗ್ಗೆ ಬೇಗ ಎದ್ದು ಮ್ಯಾಟ್ ಒರೆಸೋಕೆ ಅಟೆಂಡರ್ ಇದ್ದಾರೆ. ಕೋಚ್‌ಗೆ ಸಂಬಳ ಕೊಡೋದು ಗೆಲ್ಲಿಸೋಕೆ.

ಹೇಮೆದಂಡೆ

@ಅರಸೀಕೆರೆ ತೆಂಗು, ಅಟೆಂಡರ್ ಬರುವುದು ಒಂಬತ್ತು ಗಂಟೆಗೆ ಸಾರ್. ಅಷ್ಟೊತ್ತಿಗೆ ಅಭ್ಯಾಸ ಮುಗಿದು ಹುಡುಗರು ಕ್ಲಾಸಿನಲ್ಲಿರುತ್ತಾರೆ.

@ಮುರುಕಿವಿ, ನಾಳೆ ರಿಜಿಸ್ಟರ್ ತೆಗೆಸಿ ನೋಡುತ್ತೇನೆ.

ನಿವೃತ್ತ ಪಿಇಡಿ

ದೈಹಿಕ ಶಿಕ್ಷಣ ನಿರ್ದೇಶಕನಾಗಿ 31 ವರ್ಷ ಕೆಲಸ ಮಾಡಿದವನು. ಇಂಥ ಫಾರಂ ಎಷ್ಟು ತುಂಬಿದೆನೋ ಲೆಕ್ಕ ಇಲ್ಲ. ಈಗ ನೆನೆದರೆ ಬೇಜಾರಾಗುತ್ತದೆ, ಯಾಕೆಂದರೆ ನಾನೂ ಪದಕ ಎಣಿಸಿ ಒಬ್ಬ ಒಳ್ಳೇ ಕೋಚ್‌ನನ್ನು ಕಳಿಸಿಬಿಟ್ಟೆ. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಅವರಿಂದ ಏನು ಬಂತು ಅಂತ ಕೇಳುವ ಮುಂಚೆ ಅವರಿಗೆ ಏನು ಕೊಟ್ಟಿರಿ ಅಂತ ಬರೆಯಿರಿ. ಮ್ಯಾಟ್ ಎಷ್ಟು ದೊಡ್ಡದು? ಪೂರ್ತಿ ಮ್ಯಾಟ್ ಅಂದರೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಒಳಗೆ 9 ಮೀಟರ್ ವೃತ್ತ. ನಮ್ಮ ಕಡೆ ಕಾಲೇಜುಗಳಲ್ಲಿ ಅರ್ಧ ಮ್ಯಾಟ್ ಇದ್ದರೆ ಪುಣ್ಯ. ಅರ್ಧ ಮ್ಯಾಟ್‌ನಲ್ಲಿ ಕಲಿತ ಹುಡುಗನಿಗೆ ಅಂಚಿನ ಅಂದಾಜೇ ಇರುವುದಿಲ್ಲ. ಸ್ಪರ್ಧೆಗೆ ಹೋದರೆ ಸುಮ್ನೆ ಕಾಲು ಹೊರಗಿಟ್ಟು ಪಾಯಿಂಟ್ ಕೊಟ್ಟು ಬರುತ್ತಾನೆ. ಅದು ಕೋಚ್ ತಪ್ಪಾ, ಮ್ಯಾಟ್ ಕೊಡಿಸದ ನಮ್ಮ ತಪ್ಪಾ?

ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಕುಸ್ತಿಪಟು ಖಾಶಾಬಾ ಜಾಧವ್. 1952, ಹೆಲ್ಸಿಂಕಿ, ಕಂಚು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಹುಡುಗ. ಹೋಗೋಕೆ ದುಡ್ಡಿಲ್ಲ ಅಂದಾಗ ಆ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಕಾಲೇಜು ಅಂದರೆ ಹಾಗೆ ನಿಲ್ಲಬೇಕು. ನಾವು ಮೊಟ್ಟೆ ಬಿಲ್ಲಿಗೆ ಮೂರು ಸಹಿ ಕೇಳುತ್ತೇವೆ.

ಖಾಕಿ ಪೈಲ್ವಾನ್

ನಾನು ಎಲ್ಲರಿಗೂ ಎದುರು ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪ ಹೊಳೆನರಸೀಪುರದ ಕಡೆ ಕೂಲಿ ಮಾಡುತ್ತಿದ್ದರು. ನನಗೆ ಕೆಲಸ ಸಿಕ್ಕಿದ್ದು ಕುಸ್ತಿ ಸರ್ಟಿಫಿಕೇಟ್‌ನಿಂದ, ಕ್ರೀಡಾ ಕೋಟಾದಲ್ಲಿ. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ನಾನೂ ಇವತ್ತು ಕೂಲಿಯೇ. "ಹುಡುಗ ಒಳ್ಳೆಯವನಾದ, ಶಿಸ್ತು ಕಲಿತ" ಅಂತ ಎಷ್ಟು ಬರೆದರೂ ನೇಮಕಾತಿಯಲ್ಲಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಕೇಳುವುದು ಯಾವ ಮಟ್ಟದಲ್ಲಿ ಆಡಿದೆ, ಎಷ್ಟನೇ ಸ್ಥಾನ. ಪೊಲೀಸ್, ರೈಲ್ವೆ, ಸೇನೆ, ಎಲ್ಲೇ ಹೋಗಿ. ಬಡವರ ಮಕ್ಕಳು ಕುಸ್ತಿಗೆ ಬರುವುದೇ ಅದಕ್ಕೆ. ಪದಕ ಮುಖ್ಯ ಅಲ್ಲ ಅನ್ನುವವರ ಮನೆಯಲ್ಲಿ ಊಟಕ್ಕೆ ತೊಂದರೆ ಇರೋದಿಲ್ಲ.

ಹಾಗಾಗಿ ಕೇಳಿ: ಮೂರು ವರ್ಷದಲ್ಲಿ ಎಷ್ಟು ಹುಡುಗರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಸೇರಿಸಿದರು? ಎಷ್ಟು ಜನ ಅಖಿಲ ಭಾರತ ಅಂತರ ವಿವಿ ಕುಸ್ತಿಗೆ ಹೋದರು? ಸೋತು ಬಂದರೂ ಪರವಾಗಿಲ್ಲ, ಹೋಗಿದ್ದಾರಾ?

ಲೆಕ್ಕದ ಮೇಷ್ಟ್ರು

ಖಾಕಿ ಅಣ್ಣ ಹೇಳಿದ್ದು ಸರಿ. ಅದನ್ನು ತಳ್ಳಿಹಾಕಬಾರದು. ಆದರೆ ಪದಕ ಅನ್ನುವುದು ತುಂಬಾ ದೊಡ್ಡ ಜರಡಿ. ಅದರಲ್ಲಿ ಸಣ್ಣದೆಲ್ಲ ಉದುರಿಹೋಗುತ್ತದೆ.

ಇಬ್ಬರು ಹುಡುಗರಿದ್ದಾರೆ ಅಂದುಕೊಳ್ಳಿ. ಒಬ್ಬ ಮೊದಲ ವರ್ಷ ಮೊದಲ ಸುತ್ತಿನಲ್ಲೇ 10-0 ಸೋತ. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಅಂತರ ಬಂದರೆ ಕುಸ್ತಿ ಅಲ್ಲಿಗೇ ನಿಲ್ಲುತ್ತದೆ. ಮೂರನೇ ವರ್ಷ ಅದೇ ಹುಡುಗ ಎರಡು ಕುಸ್ತಿ ಗೆದ್ದು ಮೂರನೆಯದನ್ನು 6-5ರಲ್ಲಿ ಸೋತ. ಪದಕ ಇಲ್ಲ. ಇನ್ನೊಬ್ಬನ ತೂಕದಲ್ಲಿ ಬಂದಿದ್ದೇ ಮೂರು ಜನ, ಒಂದನ್ನೂ ಗೆಲ್ಲದೆ ಕಂಚು ಬಂತು. ನಿಮ್ಮ ಫಾರಂನಲ್ಲಿ ಎರಡನೆಯವನು ಮಾತ್ರ ಇರುತ್ತಾನೆ.

ಹುಡುಗರ ಹೆಸರು ಬರೆದು ಪ್ರತಿ ಕುಸ್ತಿಯ ಸ್ಕೋರ್ ಎದುರಿಗೆ ಬರೆಯಿರಿ. ಪ್ರತಿಯೊಬ್ಬನಿಗೂ ಮೊದಲ ವರ್ಷ, ಕೊನೇ ವರ್ಷ. ಒಂದು ಸಂಜೆ ಸಾಕು. ಮೇಲಕ್ಕೆ ಹೋಗಿದ್ದಾರಾ ಇಲ್ಲವಾ ಕಣ್ಣಿಗೇ ಕಾಣುತ್ತದೆ.

ಮುರುಕಿವಿ

ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಕುಸ್ತಿ ಮೂರು ನಿಮಿಷದ ಎರಡು ಸುತ್ತು, ಮಧ್ಯೆ 30 ಸೆಕೆಂಡ್ ಬಿಡುವು. ವಿಡಿಯೋ ಇದ್ದರೆ ಬರೀ ಎರಡನೇ ಸುತ್ತು ನೋಡಿ. ಮೊದಲ ಸುತ್ತು ಹುಡುಗನ ಹುಟ್ಟು ಶಕ್ತಿ ಮೇಲೆ ನಡೆಯುತ್ತೆ. ಎರಡನೇ ಸುತ್ತು ಪೂರ್ತಿ ಕೋಚ್‌ದು. ದಮ್ಮು ಕಟ್ಟಿಸಿದ್ದಾರಾ, ತಲೆ ತಣ್ಣಗಿಟ್ಟುಕೊಳ್ಳೋದು ಹೇಳಿಕೊಟ್ಟಿದ್ದಾರಾ, ಎಲ್ಲ ಅಲ್ಲಿ ಗೊತ್ತಾಗುತ್ತೆ. ಕೊನೇ ಒಂದು ನಿಮಿಷದಲ್ಲಿ ನಿಮ್ಮ ಹುಡುಗರು ಪಾಯಿಂಟ್ ತಗೋತಾರಾ, ಕೊಡ್ತಾರಾ?

ಆ 30 ಸೆಕೆಂಡಿನಲ್ಲಿ ಕೋಚ್ ಏನು ಹೇಳ್ತಾರೆ ಅನ್ನೋದನ್ನೂ ಕೇಳಿಸಿಕೊಳ್ಳಿ. ನನ್ನ ಉಸ್ತಾದ್ ಒಂದೇ ಮಾತು ಹೇಳೋರು, ಎಡಗಾಲು ಅಂತಲೋ, ತಲೆ ಒಳಗಿಡು ಅಂತಲೋ. ಇನ್ನೊಬ್ಬರು ಇದ್ದರು, ಆ 30 ಸೆಕೆಂಡೂ ಬೈಗುಳ. ನೀರು ಕುಡಿಯೋಕೂ ಬಿಡುತ್ತಿರಲಿಲ್ಲ.

ಗರಡಿ ಮೊಮ್ಮಗ

ಮ್ಯಾಟ್, ಪಾಯಿಂಟ್, ವಿಡಿಯೋ! ನಮ್ಮಜ್ಜ ಕಾಲದ ಗರಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಕೆಂಪು ಮಣ್ಣು, ಅದಕ್ಕೆ ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡೋರು. ಬೆನ್ನು ಮಣ್ಣಾದರೆ ಸೋಲು, ಇಲ್ಲದಿದ್ದರೆ ಇಲ್ಲ. ನಿಮ್ಮ ಕೋಚ್ ನಾಡ ಕುಸ್ತಿ ಕಲಿಸುತ್ತಾರಾ? ಮೈಸೂರು ದಸರೆಗೆ ಯಾರನ್ನಾದರೂ ಕಳಿಸಿದ್ದಾರಾ? ದಸರಾ ಕಿಶೋರ, ದಸರಾ ಕುಮಾರ, ದಸರಾ ಕೇಸರಿ ಅಂತ ಗದೆ ಹೊತ್ತು ಬಂದರೆ ಊರೇ ನೋಡುತ್ತದೆ. ಅಂತರ ಕಾಲೇಜು ಕಂಚು ಯಾರು ನೋಡ್ತಾರೆ?

ಮುರುಕಿವಿ

ಗರಡಿ ಬಗ್ಗೆ ನನಗೂ ಭಕ್ತಿ ಇದೆ ಕಣಪ್ಪಾ, ನನ್ನ ಕಿವಿ ಮುರಿದದ್ದೇ ಮಣ್ಣಿನಲ್ಲಿ. ಆದರೆ ಕಾಲೇಜು ಕುಸ್ತಿ ನಡೆಯೋದು ಮ್ಯಾಟ್ ಮೇಲೆ. ಮಣ್ಣಿನಲ್ಲಿ ಟೈಮ್ ಇದೆ, ಎದುರಾಳಿಯನ್ನು ಸುಸ್ತು ಮಾಡಿ ಕೆಡವಬಹುದು. ಮ್ಯಾಟ್‌ನಲ್ಲಿ ಕಾಯುತ್ತಾ ನಿಂತರೆ ರೆಫ್ರಿ ಎಚ್ಚರಿಸುತ್ತಾರೆ, ಆಮೇಲೆ 30 ಸೆಕೆಂಡ್ ಗಡಿಯಾರ ಶುರು, ಅಷ್ಟರಲ್ಲಿ ಏನೂ ಮಾಡದಿದ್ದರೆ ಎದುರಾಳಿಗೆ ಪಾಯಿಂಟ್. ಮಣ್ಣಿನ ಹುಡುಗರು ಅಲ್ಲೇ ಸೋಲುತ್ತಾರೆ. ಎರಡೂ ಬೇಕು, ಆದರೆ ಅಳೆಯುವಾಗ ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿಯಬಾರದು.

ಗರಡಿ ಮೊಮ್ಮಗ

ಒಪ್ಪಿದೆ. ಆದರೂ ಧೋಬಿ ಪಟ್ಟು (ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಕೆಡವೋದು) ಮಣ್ಣಿನಲ್ಲಿ ಕಲಿತವನ ಹಾಗೆ ಮ್ಯಾಟ್ ಹುಡುಗ ಹಾಕೋಲ್ಲ. ಇದನ್ನು ಮಾತ್ರ ಬಿಟ್ಟುಕೊಡೋಲ್ಲ ನಾನು.

ಸಕಲೇಶಪುರ ಮಳೆ

ಮೊಟ್ಟೆ ಬಿಲ್ಲು ಅಂದಿದ್ದಕ್ಕೆ ಕೇಳ್ತೀನಿ, ಹಾಸ್ಟೆಲ್ ಊಟದಲ್ಲಿ ಕುಸ್ತಿ ಆಡೋಕಾಗುತ್ತಾ? ನನ್ನ ತಮ್ಮ ಬೆಳಿಗ್ಗೆ ಚಿತ್ರಾನ್ನ ತಿಂದು ಸಾಮು ಮಾಡ್ತಿದ್ದ.

ಗರಡಿ ಮೊಮ್ಮಗ

ಮುದ್ದೆ, ಹುರುಳಿಕಾಳು ಸಾರು, ರಾತ್ರಿ ನೆನೆಸಿದ ಬಾದಾಮಿ ಅರೆದು ಹಾಲಿಗೆ. ಅಜ್ಜ ಹೇಳ್ತಿದ್ದದ್ದು. ಬಾದಾಮಿ ರೇಟ್ ಕೇಳಿದರೆ ಈಗ ಕಡ್ಲೆಕಾಯೇ ಗತಿ, ಅದೂ ಒಳ್ಳೇದೇ.

ನಿವೃತ್ತ ಪಿಇಡಿ

ಡಬ್ಬಿ ಪೌಡರ್ ವಿಷಯವನ್ನೂ ಕೇಳಿ. ಊರು ಕೇರಿಯ ಜಿಮ್‌ಗಳಲ್ಲಿ ಹುಡುಗರಿಗೆ ಏನೇನೋ ಕೊಡುತ್ತಾರೆ. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗಿದ್ದರೂ ಡೋಪಿಂಗ್‌ನಲ್ಲಿ ಸಿಕ್ಕಿಬೀಳುವುದು ಆಟಗಾರ. ನನಗೆ ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಒಳ್ಳೇ ಕೋಚ್‌ಗೆ ತನ್ನ ಹುಡುಗ ಏನು ತಿನ್ನುತ್ತಾನೆ ಅಂತ ಗೊತ್ತಿರುತ್ತದೆ.

ಮಲ್ನಾಡ್ ಅಮ್ಮ

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಪಿಯುಸಿಯಲ್ಲಿ ಕುಸ್ತಿ ಶುರು ಮಾಡಿದಳು, ಈಗ ಡಿಗ್ರಿ. ಅವಳನ್ನು ಕಳಿಸೋಕೆ ಮನೆಯಲ್ಲಿ ಆರು ತಿಂಗಳು ಜಗಳ ಆಗಿದೆ. ಇಷ್ಟೊತ್ತು ಎಲ್ಲರೂ "ಹುಡುಗರು ಹುಡುಗರು" ಅಂತ ಬರೆದಿರಿ. ಆ ಐದು ಹುಡುಗಿಯರ ಬಗ್ಗೆ ಒಬ್ಬರೂ ಕೇಳಲಿಲ್ಲ.

ನಾನು ಒಬ್ಬ ಕೋಚ್‌ನನ್ನು ಅಳೆಯುವುದು ಹೀಗೆ. ಪಟ್ಟು ತೋರಿಸುವಾಗ ಹುಡುಗಿಯ ಮೇಲೆ ತಾನೇ ಕೈ ಹಾಕಿ ತೋರಿಸುತ್ತಾರಾ, ಇಲ್ಲ ಇಬ್ಬರು ಹುಡುಗಿಯರನ್ನು ನಿಲ್ಲಿಸಿ ಬಾಯಲ್ಲಿ ಹೇಳಿ ಮಾಡಿಸುತ್ತಾರಾ? ಮುಟ್ಟಲೇಬೇಕಾದರೆ ಮೊದಲು ಕೇಳುತ್ತಾರಾ? ಹೊರ ಊರಿಗೆ ಹೋಗುವಾಗ ಜೊತೆಗೆ ಮಹಿಳಾ ಉಪನ್ಯಾಸಕಿ ಇರುತ್ತಾರಾ? ತೂಕ ನೋಡುವಾಗ ಪರದೆ ಇದೆಯಾ? ರಾತ್ರಿ ಹೊತ್ತು ಹುಡುಗಿಯರಿಗೆ ಒಬ್ಬೊಬ್ಬರಿಗೇ ಮೆಸೇಜ್ ಹಾಕುತ್ತಾರಾ, ಇಲ್ಲ ಗುಂಪಿನಲ್ಲಿ ಮಾತ್ರವಾ? 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ವಿರುದ್ಧ ರಸ್ತೆಯಲ್ಲಿ ಕೂತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅದನ್ನು ನೋಡಿ ನನ್ನ ಗಂಡ "ಇನ್ನು ಸಾಕು, ಅವಳನ್ನು ಬಿಡಿಸು" ಅಂದರು. ನಾನು ಬಿಡಿಸಲಿಲ್ಲ. ಅವಳ ಕಾಲೇಜಿಗೆ ಹೋಗಿ ಆಂತರಿಕ ದೂರು ಸಮಿತಿ ಯಾರು, ಫೋನ್ ನಂಬರ್ ಏನು ಅಂತ ಕೇಳಿ ಬರೆದುಕೊಂಡು ಬಂದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಪ್ರಕಾರ ಅದು ಇರಲೇಬೇಕು.

ನಿಮ್ಮ ಕಾಲೇಜಿನಲ್ಲಿ ಆ ಹುಡುಗಿಯರನ್ನು ಕೋಚ್ ಇಲ್ಲದಾಗ, ಒಬ್ಬ ಮಹಿಳೆ ಕೂತು ಮಾತಾಡಿಸಲಿ. ಆ ಉತ್ತರ ಸರಿ ಇಲ್ಲ ಅಂದರೆ ನಲವತ್ತು ಚಿನ್ನ ತಂದರೂ ಆ ಮನುಷ್ಯ ಬೇಡ.

ಖಾಕಿ ಪೈಲ್ವಾನ್

ಅಕ್ಕ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಪದಕ ಅಂದಿದ್ದು ಇದಾದ ಮೇಲಿನ ಮಾತು.

ಹೇಮೆದಂಡೆ

ಮೇಡಂ, ತುಂಬಾ ಥ್ಯಾಂಕ್ಸ್. ನನಗೆ ಹೊಳೆದೇ ಇರಲಿಲ್ಲ, ತಪ್ಪಾಯಿತು. ಸಮಿತಿಯಲ್ಲಿರುವ ಇತಿಹಾಸ ವಿಭಾಗದ ಮೇಡಂ ಅವರನ್ನು ಕೇಳಿದ್ದೇನೆ, ಶುಕ್ರವಾರ ಮಾತಾಡಿಸುತ್ತಾರೆ.

ರಿಜಿಸ್ಟರ್ ನೋಡಿ ಬಂದೆ. ಆ ನಾಲ್ಕು ಚಿನ್ನ ತಂದವರು ಇಬ್ಬರೇ ಹುಡುಗರು, ಇಬ್ಬರದೂ ಸೇರಿ ವರ್ಷಕ್ಕೆ ಎರಡು. ಇಬ್ಬರೂ ಹೈಸ್ಕೂಲಿನಿಂದ ಕ್ರೀಡಾ ಹಾಸ್ಟೆಲ್‌ನಲ್ಲಿ ಕುಸ್ತಿ ಕಲಿತು ನಮ್ಮಲ್ಲಿಗೆ ಬಂದವರು. ಅವರು ಡಿಗ್ರಿ ಮುಗಿಸಿ ಹೋದ ಮೇಲೆ ಪದಕವೂ ಹೋಯಿತು. ಈಗಿನ ಕೋಚ್ ಬಂದಾಗ ಉಳಿದಿದ್ದವರು ನಾಲ್ಕೇ ಜನ. ಮುರುಕಿವಿಯವರು ಮೊದಲ ಸಾಲಿನಲ್ಲೇ ಹಿಡಿದರು.

ಖಾಕಿ ಅಣ್ಣ ಕೇಳಿದ್ದಕ್ಕೆ: ಮೂರು ವರ್ಷದಲ್ಲಿ ಇಬ್ಬರು ವಿವಿ ತಂಡಕ್ಕೆ ಹೋಗಿದ್ದಾರೆ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಕಾಲೇಜಿಗೆ ಬಂದ ಮೇಲೇ ಕುಸ್ತಿ ಶುರು ಮಾಡಿದವರು.

ಪೆನ್ಸಿಲ್ವೇನಿಯಾ ಹಾಸನಿಗ

ಊರು ಬಿಟ್ಟು 14 ವರ್ಷ ಆಯಿತು. ಇಲ್ಲಿ ಕಾಲೇಜು ಕುಸ್ತಿ ನೋಡೋಕೆ ಸಾವಿರಾರು ಜನ ಬರುತ್ತಾರೆ, ಮೊದಲ ಸಲ ನೋಡಿದಾಗ ನಂಬೋಕೇ ಆಗಲಿಲ್ಲ. ನಿಯಮ ಬೇರೆ. ಇಲ್ಲಿನದು ಮೂರು ಸುತ್ತು, ಮೂರು ನಿಮಿಷ, ಎರಡು, ಎರಡು. ಎದುರಾಳಿಯನ್ನು ಕೆಳಗೆ ಒತ್ತಿ ಹಿಡಿದ ಸಮಯಕ್ಕೂ ಲೆಕ್ಕ ಇದೆ.

ಕೋಚ್ ಅಂದರೆ ಇಲ್ಲಿ ಎಲ್ಲರೂ ಹೇಳುವ ಹೆಸರು ಡ್ಯಾನ್ ಗೇಬಲ್. ಅಯೋವಾ ವಿವಿಯಲ್ಲಿ 21 ವರ್ಷದಲ್ಲಿ 15 ರಾಷ್ಟ್ರೀಯ ತಂಡ ಪ್ರಶಸ್ತಿ. ಈಗ ಪೆನ್ ಸ್ಟೇಟ್ ವಿವಿಯ ಕೇಲ್ ಸ್ಯಾಂಡರ್ಸನ್. ಆಟಗಾರನಾಗಿ ಕಾಲೇಜಿನಲ್ಲಿ 159 ಕುಸ್ತಿ ಆಡಿ ಒಂದನ್ನೂ ಸೋಲದವರು. ಆದರೆ ಇಲ್ಲೂ ಇದೇ ವಾದ ನಡೆಯುತ್ತದೆ: ದೊಡ್ಡ ಕಾಲೇಜಿಗೆ ಹೈಸ್ಕೂಲಿನ ಅತ್ಯುತ್ತಮ ಹುಡುಗರು ತಾವೇ ಬರುತ್ತಾರೆ, ಹಾಗಾದರೆ ಕೋಚ್ ಮಾಡಿದ್ದೇನು? ಬಲ್ಲವರು ನೋಡುವುದು, ಯಾರೂ ಕೇಳದ ಹುಡುಗ ಬಂದು ನಾಲ್ಕು ವರ್ಷದಲ್ಲಿ ದೇಶದ ಮೊದಲ ಎಂಟರಲ್ಲಿ ನಿಂತನಾ ಅಂತ.

ಇನ್ನೊಂದು ಗಂಭೀರ ವಿಷಯ. 1997ರ ಕೊನೆಯಲ್ಲಿ ಇಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಸತ್ತರು. ತೂಕ ಇಳಿಸೋಕೆ ನೀರು ಬಿಟ್ಟು, ರಬ್ಬರ್ ಬಟ್ಟೆ ಹಾಕಿ ಬೆವರು ಹರಿಸುತ್ತಿದ್ದರು. ಆಮೇಲೆ ರಬ್ಬರ್ ಸೂಟ್, ಉಗಿಕೋಣೆ ನಿಷೇಧ ಆಯಿತು. ಸೀಸನ್ ಶುರುವಿಗೇ ಮೂತ್ರ ಪರೀಕ್ಷೆ ಮಾಡಿ, ಇವನು ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಬರೆದಿಡುತ್ತಾರೆ. ನಿಮ್ಮ ಕೋಚ್ ತೂಕ ಹೇಗೆ ಇಳಿಸುತ್ತಾರೆ ಅಂತ ದಯವಿಟ್ಟು ಕೇಳಿ.

ಹಳೇ 57

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಹೇಮೆದಂಡೆ ಅಣ್ಣ ಹೇಳುತ್ತಿರುವ ಕೋಚ್ ಹತ್ರಾನೇ ನಾನು ಕಲಿತದ್ದು ಅನ್ನಿಸುತ್ತಿದೆ. ಅವರ ಮೊದಲ ವರ್ಷ ನಾನು ಕೊನೇ ವರ್ಷದಲ್ಲಿದ್ದೆ. ಹೆಸರು ಹೇಳುವುದಿಲ್ಲ.

ನಾನು 61 ಕೆಜಿ ಹುಡುಗ. ಆ ತೂಕದಲ್ಲಿ ನಮ್ಮಲ್ಲೇ ಇನ್ನೊಬ್ಬ ಇದ್ದ, ಹಾಗಾಗಿ 57ಕ್ಕೆ ಇಳಿ ಅಂದರು. ಐದು ದಿನ ಇತ್ತು. ಮೂರು ದಿನ ಅರ್ಧ ಊಟ, ಕೊನೇ ಎರಡು ದಿನ ನೀರೂ ಇಲ್ಲ. ಎರಡು ಸ್ವೆಟರ್, ಮೇಲೆ ಜರ್ಕಿನ್ ಹಾಕಿಕೊಂಡು ಜಿಲ್ಲಾ ಕ್ರೀಡಾಂಗಣ ಸುತ್ತಿದೆ. ತುಟಿ ಒಡೆದು ಹೋಗಿತ್ತು. ರಾತ್ರಿ ಬಾಯಿಗೆ ನಿಂಬೆಹುಳಿ ಇಟ್ಟುಕೊಂಡು ಎಂಜಲು ಉಗುಳುತ್ತಾ ಕೂತಿದ್ದೆ, ಅದರಲ್ಲೂ ನೂರು ಗ್ರಾಂ ಹೋಗುತ್ತೆ ಅಂತ. ನಮ್ಮ ಕಾಲೇಜಿನ ತಕ್ಕಡಿಯಲ್ಲಿ ಸರಿಯಾಗಿ 57 ಬಂತು. ಅಲ್ಲಿ ಹೋದರೆ 57.4. ಹೊರಗೆ ಹಾಕಿದರು. ಒಂದು ಕುಸ್ತಿಯೂ ಆಡದೆ ಬಸ್ ಹತ್ತಿದೆ. ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದು ಒಂದೇ ಉಸಿರಿಗೆ ಎರಡು ಎಳನೀರು ಕುಡಿದು, ಅಲ್ಲೇ ವಾಂತಿ ಮಾಡಿಕೊಂಡೆ.

ಅವರು ಒಳ್ಳೆಯವರು. ಆದರೆ ಇದು ಆಯಿತು, ಇದನ್ನೂ ಬರೆಯಿರಿ.

ಮಲ್ನಾಡ್ ಅಮ್ಮ

ಓದಿ ಕಣ್ಣಲ್ಲಿ ನೀರು ಬಂತಪ್ಪ. ಈಗ ಆರೋಗ್ಯ ಹೇಗಿದೆ?

ಹಳೇ 57

ಚೆನ್ನಾಗಿದ್ದೇನೆ ಅಮ್ಮ. ಈಗ 72 ಕೆಜಿ.

ಅರಸೀಕೆರೆ ತೆಂಗು

ಇದಕ್ಕೇ ಹೇಳಿದ್ದು. ಪದಕವೂ ಇಲ್ಲ, ಹುಡುಗನ ಜೀವದ ಜೊತೆ ಆಟ ಬೇರೆ. ತೆಗೆದುಹಾಕಿ.

ಮುರುಕಿವಿ

ತಡೀರಿ. 400 ಗ್ರಾಂ ಸಣ್ಣ ಮಾತಲ್ಲ, ನನಗೂ ಸಿಟ್ಟು ಬಂತು. ವಿನೇಶ್ ಫೋಗಟ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದರು. ಅದರಲ್ಲಿ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿವರೆಗೆ ಸೋಲೇ ಕಾಣದ ಜಪಾನಿನ ಸುಸಾಕಿಯೂ ಒಬ್ಬರು. ಮಾರನೇ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಅಂತ ಫೈನಲ್ ಹೋಯಿತು. ಅದೇ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಒಂದೇ ರಾತ್ರಿಯಲ್ಲಿ 4.6 ಕೆಜಿ ಇಳಿಸಿ ಕಂಚು ತಂದರು. ನಮ್ಮ ಹುಡುಗರು ಎರಡನೆಯದನ್ನು ನೋಡಿ ತಾವೂ ಮಾಡ್ತೀವಿ ಅಂತಾರೆ. ಅಮನ್ ಸುತ್ತ ಡಾಕ್ಟರ್, ಫಿಸಿಯೋ, ತಂಡವೇ ಇತ್ತು. ಕ್ರೀಡಾಂಗಣದಲ್ಲಿ ಒಬ್ಬನೇ ಓಡುವ ಹುಡುಗನ ಸುತ್ತ ಯಾರಿದ್ದಾರೆ?

ಆದರೆ ಆ ಕೋಚ್ ಆಮೇಲೆ ಏನು ಮಾಡಿದರು? ಇನ್ನೊಬ್ಬನಿಗೂ ಹಾಗೇ ಮಾಡಿದರಾ, ನಿಲ್ಲಿಸಿದರಾ? ನನಗೆ ಅದು ಗೊತ್ತಾಗಬೇಕು.

ಹೇಮೆದಂಡೆ

ಹಳೇ 57 ತಮ್ಮಾ, ನನಗೆ ಖಾಸಗಿಯಾಗಿ ಬರೆದು ವಿಷಯ ಖಚಿತ ಮಾಡಿದ್ದಕ್ಕೆ ಧನ್ಯವಾದ. ನಿನ್ನ ಒಪ್ಪಿಗೆ ತೆಗೆದುಕೊಂಡೇ ನಿನ್ನೆ ಕೋಚ್ ಹತ್ತಿರ ನೇರವಾಗಿ ಕೇಳಿದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮಾಡಿದ್ದು ನಾನೇ ಸಾರ್. ನನಗೂ ಹಾಗೇ ಮಾಡಿಸಿದ್ದರು, ಅದೇ ಸರಿ ಅಂದುಕೊಂಡಿದ್ದೆ" ಅಂದರು. ಒಳಗೆ ಹೋಗಿ ಒಂದು ಉದ್ದ ನೋಟ್‌ಬುಕ್ ತಂದರು. ಎರಡನೇ ವರ್ಷದ ಜೂನ್‌ನಿಂದ ಶುರು. ಪ್ರತಿ ಹುಡುಗ, ಹುಡುಗಿಗೆ ಒಂದೊಂದು ಪುಟ. ಸೋಮವಾರ, ಗುರುವಾರ ತೂಕ. ಪಕ್ಕದಲ್ಲಿ ಊಟ, ನಿದ್ದೆ, ನೋವು. ಒಂದು ಪುಟದಲ್ಲಿ "ಎಡ ಭುಜ, 12 ದಿನ ಮ್ಯಾಟ್ ಬೇಡ" ಅಂತ ಕೆಂಪು ಶಾಯಿಯಲ್ಲಿ ಇತ್ತು. ಇನ್ನೊಂದರಲ್ಲಿ "65ಕ್ಕೆ ಆಡ್ತೀನಿ ಅಂತಾನೆ, 70ಕ್ಕೇ ಆಡಲಿ". ಆ ಹುಡುಗ 70ರಲ್ಲಿ ಆಡಿ ಸೋತಿದ್ದಾನೆ. 65ರಲ್ಲಿ ಆಡಿದ್ದರೆ ಪದಕ ಬರ್ತಿತ್ತೇನೋ ಅಂತ ಕೋಚ್ ಅವರೇ ಹೇಳಿದರು.

ಲೆಕ್ಕದ ಮೇಷ್ಟ್ರು ಹೇಳಿದ ಹಾಗೆ ಸ್ಕೋರ್ ಪಟ್ಟಿಯನ್ನೂ ಮಾಡಿದೆ. ಎರಡು ವರ್ಷಕ್ಕಿಂತ ಜಾಸ್ತಿ ಉಳಿದವರು 11 ಜನ. ಅದರಲ್ಲಿ 8 ಜನರ ಆಟ ಸ್ಪಷ್ಟವಾಗಿ ಮೇಲಕ್ಕೆ ಹೋಗಿದೆ. ಒಬ್ಬಳು ಮೊದಲ ವರ್ಷ 40 ಸೆಕೆಂಡಿಗೆ ಚಿತ್ ಆದವಳು, ಈ ವರ್ಷ ಬೆಳ್ಳಿ ತಂದವಳು ಅವಳೇ. ಎರಡನೇ ಸುತ್ತಿನ ವಿಡಿಯೋ ಮಾತ್ರ ಅಷ್ಟೇನೂ ಚೆನ್ನಾಗಿಲ್ಲ. ಕೊನೇ ನಿಮಿಷದಲ್ಲಿ ನಮ್ಮವರು ಪಾಯಿಂಟ್ ಕೊಡೋದೇ ಜಾಸ್ತಿ. ಇದನ್ನೂ ಹಾಗೇ ಬರೆಯುತ್ತೇನೆ.

ಹುಡುಗಿಯರನ್ನು ಮೇಡಂ ಒಂದು ಗಂಟೆ ಮಾತಾಡಿಸಿದರು. ಕೋಚ್ ಬಗ್ಗೆ ಯಾವ ದೂರೂ ಇಲ್ಲ. ದೂರು ಇರೋದು ಕಾಲೇಜಿನ ಮೇಲೆ. ಬಟ್ಟೆ ಬದಲಿಸೋಕೆ ಕೋಣೆ ಇಲ್ಲ, ಹೊರ ಊರಿಗೆ ಹೋಗುವಾಗ ಮಹಿಳಾ ಸಿಬ್ಬಂದಿ ಕಳಿಸಿ ಅಂತ ಕೋಚ್ ಎರಡು ಸಲ ಪತ್ರ ಕೊಟ್ಟರೂ ಉತ್ತರ ಬಂದಿಲ್ಲ. ಪತ್ರದ ಪ್ರತಿ ನೋಡಿದೆ. ನಮ್ಮ ಸಮಿತಿಗೇ ಬಂದ ಪತ್ರಗಳು ಅವು.

ನಿವೃತ್ತ ಪಿಇಡಿ

ನಾನು ಅಂದಿದ್ದು ಇದನ್ನೇ. ವರದಿಯ ಮೊದಲ ಪುಟದಲ್ಲಿ ಆ ಎರಡು ಪತ್ರಗಳನ್ನು ಲಗತ್ತಿಸಿ.

ಖಾಕಿ ಪೈಲ್ವಾನ್

ನೋಟ್‌ಬುಕ್ ಇಡುವ ಕೋಚ್‌ನ ನಾನು ಇವತ್ತಿನವರೆಗೂ ನೋಡಿಲ್ಲ. ಇನ್ನೊಂದು ವರ್ಷ ಕೊಡಿ. ಕೊನೇ ನಿಮಿಷದ ದಮ್ಮಿಗೆ ನಾನು ಸಹಾಯ ಮಾಡ್ತೀನಿ, ಭಾನುವಾರ ರಜೆ ಇದ್ದಾಗ ಬಂದು ಹುಡುಗರ ಜೊತೆ ಜೋಡಿ ನಿಲ್ತೀನಿ. ಸುಸ್ತಾದವನ ಎದುರಿಗೆ ಹೊಸಬನನ್ನು ನಿಮಿಷಕ್ಕೊಬ್ಬರಂತೆ ಬಿಡಬೇಕು. ಅದಕ್ಕೆ ದಪ್ಪ ಮೈಯವರು ಬೇಕು, ನಾನಿದ್ದೀನಿ.

ಅರಸೀಕೆರೆ ತೆಂಗು

ನೋಟ್‌ಬುಕ್ ವಿಷಯ ಓದಿದ ಮೇಲೆ ನನ್ನ ಮಾತು ವಾಪಸ್ ತಗೋತೀನಿ. ಆದರೆ 57ರ ಹುಡುಗನ ಹತ್ತಿರ ಅವರು ಕ್ಷಮೆ ಕೇಳಬೇಕು. ಅದು ಬಾಕಿ ಇದೆ.

ಹಳೇ 57

ನಿನ್ನೆ ರಾತ್ರಿ ಫೋನ್ ಮಾಡಿದ್ದರು. ತುಂಬಾ ಹೊತ್ತು ಮಾತಾಡಿದ್ವಿ.

ಹೇಮೆದಂಡೆ

ಕರಡು ವರದಿ ಮುಗಿಸಿದೆ. ಮುಂದುವರಿಸಿ ಅಂತ ಬರೆದಿದ್ದೇನೆ, ಒಂದಲ್ಲ ಎರಡು ವರ್ಷಕ್ಕೆ, ಯಾಕೆಂದರೆ ಈಗ ಮೊದಲ ವರ್ಷದಲ್ಲಿರುವ ಒಂಬತ್ತು ಮಕ್ಕಳ ಫಲ ಒಂದು ವರ್ಷದಲ್ಲಿ ಗೊತ್ತಾಗುವುದಿಲ್ಲ. ತೂಕ ಇಳಿಸುವ ವಿಷಯದಲ್ಲಿ ಡಾಕ್ಟರ್ ಸಹಿ ಇಲ್ಲದೆ ಯಾರನ್ನೂ ಕೆಳಗಿನ ತೂಕಕ್ಕೆ ಇಳಿಸಬಾರದು ಅಂತ ಷರತ್ತು. ಕೋಣೆ, ಮಹಿಳಾ ಸಿಬ್ಬಂದಿ, ಉಳಿದರ್ಧ ಮ್ಯಾಟ್ ಕಾಲೇಜಿನ ಜವಾಬ್ದಾರಿ ಅಂತ ಬರೆದೆ. ಪದಕದ ಮೂರು ಕಾಲಂ ಹಾಗೇ ಇವೆ, ಅವುಗಳ ಕೆಳಗೆ ನಾಲ್ಕು ಪುಟ ಸೇರಿಸಿದ್ದೇನೆ. ಶನಿವಾರ ಸಭೆ. "ಬೇರೆಯವರನ್ನು ನೋಡಿ" ಅಂದ ಸಮಿತಿಯ ಆ ಇಬ್ಬರು ಒಪ್ಪುತ್ತಾರೋ ಇಲ್ಲವೋ ನೋಡಬೇಕು.

ಒಂದು ಸಹಾಯ ಬೇಕು. ಆ 400 ಗ್ರಾಂ ತಪ್ಪು ತೋರಿಸಿದ ತಕ್ಕಡಿಯೇ ಈಗಲೂ ಅಲ್ಲಿದೆ. ಹೊಸದಕ್ಕೆ ಹಣ ಮಂಜೂರಾಗೋಕೆ ತಿಂಗಳುಗಳು ಬೇಕು. ಅಲ್ಲಿವರೆಗೆ ಅದು ಎಷ್ಟು ತಪ್ಪು ತೋರಿಸುತ್ತದೆ ಅಂತ ಪರೀಕ್ಷೆ ಮಾಡೋದು ಹೇಗೆ?

ಪಟ್ಟಣದ ದಿನಸಿ

ಚನ್ನರಾಯಪಟ್ಟಣದಲ್ಲಿ ನಮ್ಮದು ಸಗಟು ಅಂಗಡಿ. ಸರ್ಕಾರಿ ಸೀಲ್ ಹಾಕಿದ 20 ಕೆಜಿ ಬಟ್ಟು ಮೂರು ಇವೆ, ಚಿಲ್ಲರೆ ಬಟ್ಟು 50 ಗ್ರಾಂವರೆಗೂ ಇದೆ. ಮೂರನ್ನೂ ಇಟ್ಟರೆ 60 ಬರಬೇಕು, ಒಂದೊಂದಾಗಿ ಇಡುತ್ತಾ ಹೋದರೆ ಎಲ್ಲಿಂದ ತಪ್ಪುತ್ತೆ ಅಂತ ಗೊತ್ತಾಗುತ್ತೆ. ಬುಧವಾರ ಹಾಸನಕ್ಕೆ ಗಾಡಿ ಬರುತ್ತೆ, ಕಳಿಸಲಾ? ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆದಿರುತ್ತಾ?

ಹೇಮೆದಂಡೆ

ತೆಗೆದಿರುತ್ತೆ ಅಣ್ಣ. ಕೋಚ್ ಐದಕ್ಕೇ ಬಂದಿರುತ್ತಾರೆ. ಚಿಲ್ಲರೆ ಬಟ್ಟೂ ಕಳಿಸಿ.